ಡಾಕ್ಟರ ಮೀಸೆ, ಅಜ್ಜಿಯ ಹೂಂ

ನನ್ನ ಹಳೆಯ ಡೈರಿಯಲ್ಲಿ ೧೯೯೬ರ ಜುಲೈ ೯, ಮಂಗಳವಾರದ ಪುಟದಲ್ಲಿ ಇದನ್ನು ಬರೆದಿಟ್ಟಿದ್ದೇನೆ. ಅಂದು ಆಸ್ಪತ್ರೆಯಲ್ಲಿ ನಾದಿನಿಯ ಹಾಸಿಗೆಯ ಬಳಿ ಕೂತಿದ್ದೆ. ಪಕ್ಕದ ಹಾಸಿಗೆಯಲ್ಲಿ ಹೂ ಮಾರುವ ಅಜ್ಜಿಯೊಬ್ಬಳಿದ್ದಳು. ದೊಡ್ಡ ಡಾಕ್ಟರು ಬಂದು, ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯನ್ನು ಜನರ ಮೇಲೆ ಪರೀಕ್ಷಿಸುವ ವಿಷಯವನ್ನು ಗಡಗಡನೆ ಹೇಳಿದರು. ಅಜ್ಜಿ ಮಾತುಮಾತಿಗೂ "ಹೂಂ" ಅಂದಳು.

"ಒಪ್ಪಿದ್ದಾರೆ. ಸಿಸ್ಟರ್, ಹೆಬ್ಬೆಟ್ಟು ಒತ್ತಿಸಿಕೊಳ್ಳಿ. ನಾಳೆಯಿಂದ ಹಳೇ ಮಾತ್ರೆ ಬಂದ್."

ಅಜ್ಜಿ ಬೆರಳು ಮಡಚಿಕೊಂಡಳು. "ತಡೀರಿ ಸ್ವಾಮಿ, ನಂದೂ ಒಂದು ಕತೆ ಕೇಳಿ."

ಡಾಕ್ಟರಿಗೂ ಕುತೂಹಲವಾಯಿತು. ನಿಂತರು.

"ಒಂದೂರಲ್ಲಿ ಒಬ್ಬ ರಾಜ."

"ಹೂಂ."

"ಮೀಸೆ ಅಂದ್ರೆ ಅವನಿಗೆ ಪ್ರಾಣ."

"ಹೂಂ." ಡಾಕ್ಟರು ತಮ್ಮ ಮೀಸೆ ಸವರಿಕೊಂಡರು.

"ಕ್ಷೌರದವನು ಬಂದು, ಬೋಳಿಸಿಬಿಡ್ಲಾ ಬುದ್ಧೀ ಅಂದ."

"ಹೂಂ, ಆಮೇಲೆ?"

"ಆಮೇಲೇನು? ಬೋಳಿಸ್ಲಾ ಅಂದಿದ್ದಕ್ಕೆ ನೀವು ಹೂಂ ಅಂದ್ರಿ. ಸಿಸ್ಟರಮ್ಮಾ, ಬ್ಲೇಡು ತಗೊಂಡು ಬನ್ನಿ!"

ವಾರ್ಡೆಲ್ಲ ನಕ್ಕಿತು. ಡಾಕ್ಟರು ಮೀಸೆಗೆ ಕೈ ಅಡ್ಡ ಹಿಡಿದರು. "ಏ ಅಜ್ಜಿ, ಕೇಳಿಸ್ಕೋತಾ ಇದೀನಿ ಅಂತ ಹೂಂ ಅಂದೆ!"

"ನಾನೂ ಅದಕ್ಕೇ ಅಂದಿದ್ದು ಡಾಕ್ಟರಪ್ಪ. ಬೇಡ ಅಂದ್ರೆ ಇಲ್ಲಿಂದ ಓಡಿಸ್ತೀರಾ?"

"ಇಲ್ಲಜ್ಜಿ. ಹಳೇ ಮಾತ್ರೆಯನ್ನೇ ಕೊಡ್ತೀವಿ."

"ಇದನ್ನಲ್ವಾ ಮೊದಲು ಹೇಳಬೇಕಾದ್ದು?"

ಮರುವಾರವೇ ಕಿರಿಯ ಡಾಕ್ಟರುಗಳಿಗೆ ತರಬೇತಿ ಶುರುವಾಯಿತು. ರೋಗಿ ತನಗೆ ತಿಳಿದದ್ದನ್ನು ತನ್ನದೇ ಮಾತಲ್ಲಿ ಹೇಳುವ ತನಕ ಒಪ್ಪಿಗೆ ಕೇಳಕೂಡದು ಎಂಬುದೇ ಪಾಠ. ಕಲಿಸಲು ದೊಡ್ಡ ಡಾಕ್ಟರ ಪಕ್ಕದಲ್ಲಿ ಅಜ್ಜಿಗೂ ಒಂದು ಕುರ್ಚಿ ಹಾಕಿದ್ದರು.

ಇದಕ್ಕೆ ತೆತ್ತದ್ದಿಷ್ಟು: ಹೊಸ ಮಾತ್ರೆಯ ಪರೀಕ್ಷೆ ಮೂರು ತಿಂಗಳು ತಡವಾಯಿತು. ಮೊದಲೇ ಒಪ್ಪಿದ್ದವರನ್ನೆಲ್ಲ ಮತ್ತೆ ಕೇಳಬೇಕಾಯಿತು. ಅವರಲ್ಲಿ ಅರ್ಧದಷ್ಟು ಜನ ಬೇಡವೆಂದರು.