ಕಿಲಿಕಿಯದ ನೇಕಾರನ ಸುಳ್ಳು

ಗ್ರೀಕರ ಹಳೆಯ ಬರಹಗಳನ್ನು ಓದುತ್ತಿದ್ದ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಕಿಲಿಕಿಯದವರು ಸುಳ್ಳರು ಅಂತ ಇವರು ಮತ್ತೆ ಮತ್ತೆ ಬರೆದಿದ್ದಾರೆ. ಇಷ್ಟು ಜನ ಹೇಳಿದ ಮೇಲೆ ಅನುಮಾನಪಡುವುದಕ್ಕೆ ಏನಿದೆ?"

ಗುರುಗಳು ಒಂದು ಕತೆ ಹೇಳಿದರು.

ಗ್ರೀಕರ ನಾಡಿನಿಂದ ಪೂರ್ವಕ್ಕೆ, ಕಿಲಿಕಿಯವೆಂಬ ಸೀಮೆಯ ಕಡಲ ದಂಡೆಯಲ್ಲಿ ಒಬ್ಬ ನೇಕಾರನಿದ್ದ. ಆಡಿನ ಕೂದಲು ಹೊಸೆದು ಗುಡಾರದ ಬಟ್ಟೆ ನೇಯುವುದು ಅವನ ಕಸುಬು. ಆ ಕಡೆ ಕಡಲ್ಗಳ್ಳರೂ ಇದ್ದರು, ಇಲ್ಲವೆನ್ನುವಂತಿಲ್ಲ. ಬಂದರಿನಲ್ಲಿ ಕೆಲಸವಿಲ್ಲದವರ ಹಾಗೆ ನಿಂತು, ಯಾವ ಹಡಗು ಎಲ್ಲಿಗೆ ಹೊರಟಿದೆ ಎಂದು ಕದ್ದು ಕೇಳಿ, ಮುಂದೆ ಹೋಗಿ ಅಡ್ಡಗಟ್ಟುತ್ತಿದ್ದರು. ಅವರ ದೆಸೆಯಿಂದ ಊರಿನಲ್ಲಿ ಯಾರ ಮಾತಿಗೂ ಬೆಲೆಯಿರಲಿಲ್ಲ.

ಬಂದರು ಬಿಟ್ಟು ಹೊರಡುವಾಗ ಎಡಗಡೆ ನೀರಿನಡಿ ಒಂದು ಬಂಡೆಯಿತ್ತು. ಒಮ್ಮೆ ಒಬ್ಬ ಗ್ರೀಕ್ ವರ್ತಕ ಹೊರಟಾಗ ನೇಕಾರ ತಾನಾಗಿಯೇ ಹೋಗಿ, "ಎಡಕ್ಕೆ ಹೋಗಬೇಡಿ, ಬಂಡೆಯಿದೆ" ಎಂದ. ಇವನು ಬಲಗಡೆ ಕಳ್ಳರನ್ನು ಕೂರಿಸಿ ಬಂದಿದ್ದಾನೆ ಎಂದುಕೊಂಡು ವರ್ತಕ ಎಡಕ್ಕೇ ಹೋದ. ಹಡಗು ಒಡೆಯಿತು. ಮುಳುಗುತ್ತಿದ್ದವರನ್ನು ದಡಕ್ಕೆ ಎಳೆದು ತಂದವನು ನೇಕಾರನೇ. ಬದುಕಿಕೊಂಡವರು ಅವನ ಮೇಲೇ ಹರಿಹಾಯ್ದರು: "ನೀನು ಹಾಗೆ ಹೇಳದೇ ಇದ್ದಿದ್ದರೆ ನಾವು ಎಡಕ್ಕೆ ಹೋಗುತ್ತಲೇ ಇರಲಿಲ್ಲ." ನೇಕಾರ ತಲೆ ಚಚ್ಚಿಕೊಂಡ.

ಮರುವರ್ಷ ಇನ್ನೊಂದು ಗ್ರೀಕ್ ಹಡಗು ಹೊರಟಿತು. ಹುಟ್ಟು ಹಾಕುವ ಕೂಲಿಗೆ ನೇಕಾರನ ತಮ್ಮನೇ ಅದರಲ್ಲಿದ್ದ. ಕೂಲಿಯಾಳು ಅಲ್ಲಿ ಬಾಯಿ ತೆರೆಯುವಂತಿರಲಿಲ್ಲ. ನೇಕಾರನಿಗೆ ರೇಗಿಹೋಯಿತು. ಇವರಿಗೆ ಇನ್ನು ಹೇಗೆ ಹೇಳಬೇಕು? ಆಣೆಯಿಟ್ಟರೆ ನಂಬುವುದಿಲ್ಲ, ಕಾಲಿಗೆ ಬಿದ್ದರೆ ಇನ್ನೂ ಅನುಮಾನ ಪಡುತ್ತಾರೆ. ಹಾಳಾಗಿ ಹೋಗಲಿ ಎಂದು ಬಿಡೋಣವೆಂದರೆ ತಮ್ಮ ಒಳಗಿದ್ದಾನೆ. ಕೊನೆಗೆ ಹಲ್ಲು ಕಚ್ಚಿಕೊಂಡು ಹೋಗಿ, ಮುಖದಲ್ಲಿ ನಗು ತಂದುಕೊಂಡು, ಹಡಗಿನ ಯಜಮಾನನಿಗೆ "ಎಡಕ್ಕೇ ಹೋಗಿ ಸ್ವಾಮಿ, ಬಂಡೆಯಿರುವುದು ಬಲಗಡೆ" ಎಂದ.

ಯಜಮಾನ ಬಲಕ್ಕೆ ಹೋದ. ಎಡಗಡೆ ಬಂಡೆಯ ಮೇಲೆ ನೊರೆ ಏಳುವುದನ್ನು ಕಂಡು ಹಡಗಿನವರೆಲ್ಲ ನೇಕಾರನನ್ನು ಶಪಿಸಿದರು. ಅವರ ನಡುವೆ ಇದ್ದ ಒಬ್ಬ ಪಂಡಿತ ಅಲ್ಲೇ ಕೂತು ಬರೆದ: ಕಿಲಿಕಿಯದವರು ನಗುನಗುತ್ತ ಸುಳ್ಳು ಹೇಳಿ ಕೊಲ್ಲುವವರು, ಇದು ನಾನೇ ಕಣ್ಣಾರೆ ಕಂಡದ್ದು. ಮುಂದೊಮ್ಮೆ ಅವನು ಅದೇ ಬಂದರಿಗೆ ಮತ್ತೆ ಬಂದ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಆ ಪಂಡಿತ ಮತ್ತೆ ಬಂದಾಗಲಾದರೂ ನೇಕಾರ ನಡೆದದ್ದನ್ನು ಬಿಡಿಸಿ ಹೇಳಬಹುದಿತ್ತಲ್ಲ, ಗುರುಗಳೇ?"

ಗುರುಗಳು ಎಂದರು: "ಹೇಳಿದ, ಪಂಡಿತ ಅದನ್ನು ಎರಡನೆಯ ಸುಳ್ಳೆಂದು ಬರೆದುಕೊಂಡ."