ದೇವೀರಮ್ಮನ ಆಪರೇಷನ್ನೂ ಮುದ್ದಯ್ಯನ ಉಪಚಾರವೂ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಭಜನೆ ಮನೆಯಲ್ಲಿ ತಾಳ ಹಾಕುತ್ತಿದ್ದ ಸಣ್ಣಪ್ಪನವರು. ದೇವರ ಹೆಸರು ಹೇಳಿದ ಬಾಯಲ್ಲಿ ನಗಿಸಿದರೆ ದೋಷವಿಲ್ಲ ಎನ್ನುತ್ತಿದ್ದರು. ಆ ಧೈರ್ಯದ ಮೇಲೆ ನಾನೂ ಹೇಳುತ್ತೇನೆ.

ಒಂದೂರಲ್ಲಿ ದೇವೀರಮ್ಮ ಅಂತ ಒಬ್ಬ ತಾಯಿ, ಅವಳಿಗೆ ಮುದ್ದಯ್ಯ ಅಂತ ಒಬ್ಬನೇ ಮಗ. ತಾಯಿಗೆ ಮೈ ಭಾರ, ಮಗನಿಗೆ ತಲೆ ಹಗುರ. ಅವಳಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು. ಕೂತರೆ ಏಳಲಾರಳು, ಎದ್ದರೆ ನಡೆಯಲಾರಳು. ಪಥ್ಯ ಮಾಡಿದಳು, ಉಪವಾಸ ಮಾಡಿದಳು, ಮೈ ಇಳಿಯಲಿಲ್ಲ. ಹೊಟ್ಟೆಯ ಚೀಲ ಚಿಕ್ಕದು ಮಾಡುವ ಆಪರೇಷನ್ ಆದರೆ ಓಡಾಡಬಹುದು ಎಂದರು ಪಟ್ಟಣದ ಡಾಕ್ಟರು. ಜೊತೆಗೆ ನಿಲ್ಲಲು ಒಪ್ಪಿದವನು ಅವಳ ಅಣ್ಣ ಚಿಕ್ಕಲಿಂಗಪ್ಪ ಒಬ್ಬನೇ.

"ಮಗಾ, ಊರವರ ಬಾಯಿ ಕೆಟ್ಟದ್ದು. ಆಪರೇಷನ್ ವಿಷಯ ಯಾರಿಗೂ ಹೇಳಬೇಡ."

"ಆಗ್ಲವ್ವ."

ಹಾಲಿನ ಡೈರಿ ಮುಂದೆ ಪಕ್ಕದ ಮನೆ ಸಾಕಮ್ಮ ಕೇಳಿದಳು, "ಏನ್ಲಾ, ನಿಮ್ಮವ್ವ ಕಾಣ್ಸೋದೇ ಇಲ್ಲ?"

"ಅವ್ವ ಹೊಟ್ಟೆ ಆಪರೇಷನ್ ಮಾಡಿಸ್ಕೋತಾಳೆ, ಯಾರಿಗೂ ಹೇಳಬೇಡ ಅಂದವಳೆ. ಅದಕ್ಕೇ ನಾನು ಹೇಳ್ತಾ ಇಲ್ಲ, ಸಾಕತ್ತೆ."

ಸಂಜೆಯೊಳಗೆ ಬೀದಿಗೆ ಬೀದಿಯೇ ಬಾಗಿಲಲ್ಲಿ. ಒಂದು ತುತ್ತು ಕಮ್ಮಿ ತಿಂದರೆ ಆಗದೇ? ಎಂದಳೊಬ್ಬಳು. ಜೀವಮಾನವೆಲ್ಲ ನೀರೇ ಗತಿಯಂತೆ ಎಂದಳು ಇನ್ನೊಬ್ಬಳು. ನೋಡಿದವರು ಯಾರೂ ಇಲ್ಲ, ತಿಳಿದವರೇ ಎಲ್ಲ.

"ಅಯ್ಯೋ ನನ್ನ ಕರ್ಮವೇ! ಮಗಾ, ಇನ್ನು ಯಾರು ಏನು ಕೇಳಿದರೂ, ದೇವರ ದಯೆ, ಏನೂ ತೊಂದರೆ ಇಲ್ಲ ಅನ್ನು. ಅಷ್ಟೇ."

"ಆಗ್ಲವ್ವ."

ಮಾರನೇ ದಿನ ಆಸ್ಪತ್ರೆಯ ನರ್ಸಮ್ಮ ಫೋನು ಮಾಡಿದಳು. "ನಿಮ್ಮ ತಾಯಿಗೆ ಸಕ್ಕರೆ ಹೇಗಿದೆ?"

"ದೇವರ ದಯೆ, ಏನೂ ತೊಂದರೆ ಇಲ್ಲ."

"ಮಂಡಿ?"

"ದೇವರ ದಯೆ, ಏನೂ ತೊಂದರೆ ಇಲ್ಲ."

"ಮತ್ತೆ ಆಪರೇಷನ್ ಯಾಕಪ್ಪಾ?"

"ದೇವರ ದಯೆ."

ಆಸ್ಪತ್ರೆಯವರು ಅವಳ ಸರದಿಯನ್ನೇ ತೆಗೆದುಹಾಕಿದರು. ದೇವೀರಮ್ಮ ಬೇಡಿ ಕಾಡಿ ಮತ್ತೆ ಹಾಕಿಸಿಕೊಂಡಳು.

"ಮಂಕೇ, ಮುಚ್ಚಿಡಬೇಡ. ಕೇಳಿದವರಿಗೆ ಇದ್ದದ್ದು ಇದ್ದಹಾಗೆ, ಒಂದೂ ಬಿಡದೆ ಹೇಳು."

"ಆಗ್ಲವ್ವ."

ಅಷ್ಟರಲ್ಲಿ ಚಿಕ್ಕಲಿಂಗಪ್ಪ ಬಂದ. ಕಾಲು ತೊಳೆಯುತ್ತಾ, "ಏನಪ್ಪಾ ಊರಲ್ಲಿ ಸಮಾಚಾರ?" ಎಂದ.

"ಅವ್ವನ ಹೊಟ್ಟೆ ಕೊಯ್ದು ನಾಯಿಗೆ ಹಾಕ್ತಾರಂತೆ ಮಾವ, ಸಾಕತ್ತೆ ಹೇಳಿದ್ಲು. ಇದೆಲ್ಲ ಸೋಮಾರಿಗಳ ಕೆಲಸವಂತೆ. ಹೆಚ್ಚುಕಮ್ಮಿ ಆದ್ರೆ ಪಾಪ ನಿಮ್ಮ ತಲೆಗೇ ಅಂತ ಎದುರು ಮನೆ ಗೂಳಪ್ಪ ಅಂದ."

ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡ. "ತಂಗೀ, ಇದು ನನ್ನ ಕೈಲಾಗದು ಕಣವ್ವ."

ದೇವೀರಮ್ಮ ಕೂತಲ್ಲೇ ಅತ್ತಳು. "ಅಣ್ಣಾ, ಡಾಕ್ಟರನ್ನೇ ಒಂದು ಮಾತು ಕೇಳಿ ಆಮೇಲೆ ಬಿಡು. ಲೋ ಮುದ್ದಯ್ಯ, ನೀನೂ ಹೋಗು. ಊರವರ ಮಾತು ಬಿಡು, ಡಾಕ್ಟರು ಹೇಳಿದ್ದನ್ನೇ ಕೇಳು, ಅದನ್ನೇ ನಡೆಸು."

"ಆಗ್ಲವ್ವ."

ಡಾಕ್ಟರು ಸಾವಧಾನವಾಗಿ ಹೇಳಿದರು: "ಇದು ಸೋಮಾರಿಗಳ ಅಡ್ಡದಾರಿಯಲ್ಲ ಯಜಮಾನ್ರೇ, ಕಾಯಿಲೆಗೆ ಚಿಕಿತ್ಸೆ. ಅಪಾಯವೇ ಇಲ್ಲ ಅನ್ನಲ್ಲ. ಹೀಗೇ ಬಿಟ್ಟರೆ ಅಪಾಯ ಹೆಚ್ಚು. ಆಮೇಲೆ ಪುಟ್ಟ ಬಟ್ಟಲಲ್ಲಿ ಊಟ. ಚೆನ್ನಾಗಿ ಅಗಿಯಬೇಕು. ಉಂಡಾದ ಮೇಲೆ ನಡೆಯಬೇಕು."

ಚಿಕ್ಕಲಿಂಗಪ್ಪನ ಅಂಜಿಕೆ ಇಳಿಯಿತು. ಭಗವಂತನ ಕೃಪೆಯಿಂದ ಆಪರೇಷನ್ನೂ ಸುಸೂತ್ರವಾಯಿತು. ಕೆಲವು ತಿಂಗಳು ಕಳೆದು, ದೇವೀರಮ್ಮ ಅಣ್ಣನನ್ನೂ ಬೀದಿಯವರನ್ನೂ ಊಟಕ್ಕೆ ಕರೆದಳು. ತಾನು ಒಲೆ ಮುಂದೆ, ಬಡಿಸುವುದಕ್ಕೆ ಮಗ.

ಮಗ ಎಲೆಗೊಂದು ಪುಟ್ಟ ಬಟ್ಟಲು ಅನ್ನ ಬೋರಲು ಹಾಕಿದ.

"ಅಗೀರಿ ಸಾಕತ್ತೆ. ಇನ್ನೂ ಅಗೀರಿ. ನುಂಗಬ್ಯಾಡಿ."

"ಅನ್ನ ತತ್ತಾರೋ," ಎಂದ ಗೂಳಪ್ಪ.

"ಬಟ್ಟಲು ಮುಗೀತಲ್ಲ, ಏಳಿ. ಈಗ ನಡೀಬೇಕು."

ಎಲೆ ಮಡಚಿದ, ಕೋಲು ಹಿಡಿದ, ಎಲ್ಲರನ್ನೂ ಕೆರೆ ಏರಿ ಮೇಲೆ ಸಾಲಾಗಿ ಹೊಡೆದುಕೊಂಡು ಹೊರಟ.

ದೇವೀರಮ್ಮ ಹೋಳಿಗೆ ತಟ್ಟೆ ಹಿಡಿದು ಹೊರಗೆ ಬಂದರೆ ಪಂಕ್ತಿಯಲ್ಲಿ ನರಪಿಳ್ಳೆಯಿಲ್ಲ. ದೂರದಲ್ಲಿ ಬೀದಿಯವರ ಸಾಲು, ಹಿಂದೆ ಮಗ. ಅವಳು ಸೆರಗು ಸಿಕ್ಕಿಸಿದಳು, ತಟ್ಟೆ ಎತ್ತಿಕೊಂಡು ಓಡಿದಳು.

"ನಿಲ್ರಪ್ಪಾ, ಹೋಳಿಗೆ ಇದೆ, ನಿಲ್ರಿ!"

ಚಿಕ್ಕಲಿಂಗಪ್ಪ ತಿರುಗಿ ನೋಡಿದ. ಓಡುತ್ತಿರುವ ತಂಗಿಯನ್ನು ನೋಡುತ್ತಾ ಹಸಿವನ್ನೇ ಮರೆತು ನಿಂತ.

ಮುದ್ದಯ್ಯ ಕೋಲು ಅಡ್ಡ ಹಿಡಿದ. "ಅವ್ವಾ, ನೀನಿನ್ನೂ ಉಂಡೇ ಇಲ್ಲ. ಆಗ್ಲೇ ಯಾಕೆ ಓಡ್ತೀಯ? ಹೋಗು, ಉಂಡು ಬಾ."

ಕೇಳಿದಿರಲ್ಲ, ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಯಾರಾದರೂ ಮನಸ್ಸು ಭಾರ ಮಾಡಿಕೊಂಡು ಕೂತಿದ್ದರೆ ಪಕ್ಕ ಕೂತು ಹೇಳಿ. ಅವರೂ ಮುಂದಿನವರಿಗೆ ಹೇಳಲಿ.