ಕೂಸು ಬಡಿದ ರೊಟ್ಟಿ

ಬೆಣ್ಣೆಹಳ್ಳದ ದಂಡೆಯ ಆ ಮಠಕ್ಕೆ ಗೋಪುರವಿರಲಿಲ್ಲ, ಗದ್ದುಗೆಯೂ ಇರಲಿಲ್ಲ. ಮಣ್ಣಿನ ಗೋಡೆಯ ಸಣ್ಣ ಮನೆ, ಹಿತ್ತಲಲ್ಲಿ ಒಂದಿಷ್ಟು ಕಾಯಿಪಲ್ಯದ ಮಡಿ, ಅಷ್ಟೇ. ಪೂಜ್ಯ ಬಿಲ್ವಮ್ಮ ತಾಯಿಯವರ ದರ್ಶನಕ್ಕೆ ಬಂದವರು ಅವರನ್ನು ದೇವರ ಕೋಣೆಯಲ್ಲಿ ಹುಡುಕಿ, ಕಾಣದೆ, ಕೊನೆಗೆ ಅಡಿಗೆಮನೆಗೆ ಬರುತ್ತಿದ್ದರು. ತಾಯಿಯವರು ಅಲ್ಲಿ ಒಲೆಯ ಮುಂದೆ ಕುಳಿತು, ಬಂದವರಿಗೆಲ್ಲ ತಮ್ಮ ಕೈಯಾರೆ ಜೋಳದ ರೊಟ್ಟಿ ಬಡಿಯುತ್ತಿದ್ದರು.

ಒಂದು ಮುಂಜಾನೆ ಕಲ್ಲವ್ವನೆಂಬ ಹೆಣ್ಣುಮಗಳು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅಲ್ಲಿಗೆ ಬಂದಳು. ಮಗಳು ಚಂಪಾಳಿಗೆ ನಾಲ್ಕು ತುಂಬಿತ್ತು. ಎತ್ತಿಕೊಂಡರೆ ಭಾರವೇ ಇರಲಿಲ್ಲ. ರೋಗವೇನೂ ಇಲ್ಲವೆಂದು ಡಾಕ್ಟರು ಹೇಳಿದ್ದರು. ಆದರೆ ಮಗು ಉಣ್ಣುತ್ತಿರಲಿಲ್ಲ. ಕಲ್ಲವ್ವ ರಮಿಸಿದಳು, ಗದರಿದಳು, ಗುಮ್ಮನನ್ನು ಕರೆದಳು, ಮೂಗು ಹಿಡಿದು ಬಾಯಿಗೆ ತುರುಕಿಯೂ ನೋಡಿದಳು. ಏನಾದರೊಂದು ಹೊಟ್ಟೆಗೆ ಬೀಳಲೆಂದು ಅಂಗಡಿಯ ಬಿಸ್ಕೀಟು, ಪೆಪ್ಪರಮಿಂಟು ಕೊಟ್ಟಳು. ಆ ಮೇಲಂತೂ ಮಗು ಅನ್ನದ ಕಡೆ ತಿರುಗಿಯೂ ನೋಡದಾಯಿತು. "ಒಂದನ್ನ ಕಳಕೊಂಡಿ, ಇದನ್ನೂ ಕಳಕೋತಿ," ಎಂದು ಅತ್ತೆ ಬಾಳವ್ವ ಅಂದ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಮೊದಲ ಮಗ ಜ್ವರದಲ್ಲಿ ಹೋದಾಗ ಕಲ್ಲವ್ವ ಹರಕೆ ಹೊರದ ದೇವರಿರಲಿಲ್ಲ. ಯಾರೂ ಕೇಳಿಸಿಕೊಳ್ಳಲಿಲ್ಲ. ಅಂದಿನಿಂದ ಅವಳು ಗುಡಿಯ ಮೆಟ್ಟಿಲು ಹತ್ತಿದವಳಲ್ಲ. ಈಗ ಗಂಡನ ಒತ್ತಾಯಕ್ಕೆ ಬಂದಿದ್ದಳು, ಅಷ್ಟೇ. ಕೈಮುಗಿಯದೆ ಹೇಳಿದಳು:

"ಇಕಿಗೆ ದೃಷ್ಟಿ ತಾಕೇತಿ ಅಂತಾರ್ರಿ. ತಾಯಿತ ಕಟ್ಟೂದಿದ್ರ ಕಟ್ರಿ, ಹೊಳ್ಳಿ ಹೋಗತೀನಿ."

ತಾಯಿಯವರು ಮಗುವಿನ ಮುಖ ನೋಡಿ, "ನನಗ ಹಸಿವಾಗೇತಿ, ನನ್ನವ್ವ. ಒಂದು ರೊಟ್ಟಿ ಬಡದ ಕೊಡತೀಯೇನು?" ಎಂದು ಕೇಳಿದರು.

ಇಂಥ ಮಾತನ್ನು ಚಂಪಾ ಎಂದೂ ಕೇಳಿರಲಿಲ್ಲ. ಅವ್ವನ ಕಂಕುಳಿಂದ ಜಾರಿ ಇಳಿದಳು. ತಾಯಿಯವರು ನಾದಿದ ಹಿಟ್ಟಿನ ಸಣ್ಣ ಉಂಡೆಯೊಂದನ್ನು ಅವಳ ಮುಂದಿಟ್ಟರು. ಮಗು ಎರಡೂ ಕೈಯಿಂದ ಬಡಿಯತೊಡಗಿತು. ಹಿಟ್ಟು ಮೂಗಿಗೆ ಹತ್ತಿತು, ಲಂಗಕ್ಕೆ ಹತ್ತಿತು. "ಅಯ್ಯ, ಎಲ್ಲಾ ಚೆಲ್ಲತಾಳ್ರಿ," ಎಂದು ಕಲ್ಲವ್ವ ಮುಂದೆ ಬಂದಳು. ತಾಯಿಯವರು ಸುಮ್ಮನೆ ಕೈಯೆತ್ತಿ ತಡೆದರು.

ರೊಟ್ಟಿ ಒಂದು ಕಡೆ ದಪ್ಪಗೆ, ಇನ್ನೊಂದು ಕಡೆ ಹರಿದು ಬಂತು. ತಾಯಿಯವರು ಅದನ್ನು ಬೇಯಿಸಿ, ಭಿಕ್ಷೆಯನ್ನು ಸ್ವೀಕರಿಸುವಂತೆ ಕಣ್ಣಿಗೊತ್ತಿಕೊಂಡು, ರಾಜಗಿರಿ ಪಲ್ಯದೊಡನೆ ಒಂದು ತುತ್ತು ಉಂಡರು. "ಭಾಳ ರುಚಿ ಆಗೇತಿ," ಎಂದರು. ಮಗು ಅವರ ಬಾಯನ್ನೇ ನೋಡುತ್ತ ನಿಂತಿತ್ತು.

ಆಮೇಲೆ ತಾಯಿಯವರು ತಾಟು ಹಚ್ಚಿದರು. ಒಂದು ದೊಡ್ಡದು, ಒಂದು ಚಿಕ್ಕದು. ಬಿಸಿ ರೊಟ್ಟಿ, ಪಲ್ಯ, ಹೆಸರುಕಾಳು, ಮೊಸರು. ಕಲ್ಲವ್ವ ರೂಢಿಯಂತೆ ಮಗಳನ್ನು ತೊಡೆಗೆ ಎಳೆದುಕೊಂಡು ತುತ್ತು ಮುರಿದಳು.

"ಬಿಡು ಆಕಿನ್ನ. ನೀ ಯಾವಾಗ ಉಂಡಿ?"

ಮಗ ಹೋದ ಮೇಲೆ ಕಲ್ಲವ್ವ ತಾಟಿನ ಮುಂದೆ ಕೂತು ಉಂಡವಳೇ ಅಲ್ಲ. ಎಲ್ಲರದೂ ಆದ ಮೇಲೆ, ನಿಂತಲ್ಲೇ ಏನೋ ಒಂದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ತಾಯಿಯವರು ಮೆಲ್ಲಗೆ ಹೇಳಿದರು: "ನಿನ್ನ ತುತ್ತಿನಾಗ ಅಂಜಿಕಿ ಐತಿ, ತಂಗಿ. ಕೂಸಿನ ಗಂಟಲದಾಗ ಅದು ಇಳಿಯಂಗಿಲ್ಲ. ನೀ ಉಣ್ಣು. ಆಕಿ ಕಡೆ ನೋಡಬ್ಯಾಡ."

ಇದೆಂಥ ಮಾತು ಎಂದು ಮನಸ್ಸಿನಲ್ಲೇ ಸಿಡುಕುತ್ತ ಅವಳು ಒಂದು ತುತ್ತು ಬಾಯಿಗಿಟ್ಟಳು. ಪಲ್ಯಕ್ಕೆ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದಿತ್ತು. ಇನ್ನೊಂದು ತುತ್ತು ತಿಂದಳು. ಹಸಿವೆಂದರೇನೆಂದು ಅವಳ ಒಡಲಿಗೆ ಆಗ ನೆನಪಾಯಿತು. ಕಣ್ಣೀರು ತಾನಾಗಿ ಹರಿಯಿತು. ಒರೆಸಿಕೊಳ್ಳುವ ಗೊಡವೆಗೂ ಹೋಗದೆ ಉಂಡಳು. ಮಗಳು ಪಕ್ಕದಲ್ಲಿರುವುದನ್ನೇ ಮರೆತಳು.

ತಲೆಯೆತ್ತಿದಾಗ ಚಂಪಾ ಚಿಕ್ಕ ತಾಟನ್ನು ತನ್ನತ್ತ ಎಳೆದುಕೊಂಡು, ರೊಟ್ಟಿಯ ಚೂರನ್ನು ಮೊಸರಿನಲ್ಲಿ ಅದ್ದಿ ಚೀಪುತ್ತಿದ್ದಳು. ಅರ್ಧ ಬಾಯಿಗೆ, ಅರ್ಧ ನೆಲಕ್ಕೆ. ಬಾಯಿ ಒರೆಸಲು ಕಲ್ಲವ್ವನ ಕೈ ಮುಂದಾಯಿತು. ಅವಳೇ ಅದನ್ನು ಹಿಂದೆಗೆದುಕೊಂಡಳು. ಹೊರಡುವಾಗ ಅವಳು ತಾಯಿಯವರ ಪಾದಕ್ಕೆ ಹಣೆ ಹಚ್ಚಿ ಬಹಳ ಹೊತ್ತು ಏಳಲಿಲ್ಲ.

ಅಂದು ಮಗು ಉಂಡದ್ದು ಅರ್ಧ ರೊಟ್ಟಿಯೂ ಅಲ್ಲ. ಮುಂದೆಯೂ ಒಂದು ದಿನ ಉಂಡರೆ ಒಂದು ದಿನ ಬಿಡುತ್ತಿತ್ತು. ಬಿಟ್ಟ ದಿನ ಮತ್ತೆ ತುತ್ತು ಮುರಿದು ಕೊಡಲು ಕಲ್ಲವ್ವನ ಕೈ ತುಡಿಯುತ್ತಿತ್ತು. ಆಗ ಅವಳು ತಾಯಿಯವರನ್ನು ನೆನೆದು ತನ್ನ ತಾಟಿಗೆ ಕಣ್ಣಿಡುತ್ತಿದ್ದಳು. ಬರಬರುತ್ತ ಚಂಪಾಳ ಕೆನ್ನೆಗಳು ತುಂಬಿಕೊಂಡವು.

ಇದನ್ನೆಲ್ಲ ನೋಡಿ ಬಾಳವ್ವ ಒಂದು ದಿನ ಬಾಗಿಲಲ್ಲಿ ನಿಂತು ಗೊಣಗಿದಳು: "ಗಂಡಸರ ಊಟ ಆಗಿಲ್ಲ, ಸೊಸಿ ತಾಟ ಹಿಡದ ಕುಂತಾಳ!"

"ನೀವೂ ಬರ್ರಿ ಅತ್ತಿ, ರೊಟ್ಟಿ ಬಿಸಿ ಅದಾವು," ಎಂದಳು ಕಲ್ಲವ್ವ.

ಮುದುಕಿ ಹೊಸ್ತಿಲ ಮೇಲೆಯೇ ನಿಂತಳು. ತನ್ನ ಕಾಲದಲ್ಲಿ ಅವಳೂ ಮಕ್ಕಳನ್ನು ಮಣ್ಣು ಮಾಡಿದವಳು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಬಿಸಿ ಇರುವಾಗ ಉಣ್ಣು ಬಾ ಎಂದು ಅವಳನ್ನು ಯಾರೂ ಕರೆದಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದಳು. ಚಂಪಾ ತನ್ನ ತಾಟನ್ನು ಸರಿಸಿ ಅಜ್ಜಿಗೆ ಜಾಗ ಮಾಡಿಕೊಟ್ಟಳು.